ಪಾಪ, ಮಲಗಲಿ ಬಿಡಿ

ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ ‘ಡಾ.’ ಹಾಕಿಕೊಳ್ಳಬಹುದೇ ಎಂಬ ಜಗಳ ಈ ವಾರ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೆ ಎದ್ದಿತು. ಹಿನ್ನೆಲೆ ಇಷ್ಟು. 2025ರ ಸೆಪ್ಟೆಂಬರ್ 8, ವಿಶ್ವ ಫಿಸಿಯೋಥೆರಪಿ ದಿನ. 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ‘ಡಾ. ಬೇಡ’ ಎಂಬ ಪತ್ರ. 10ರಂದು ಆ ಪತ್ರವೇ ವಾಪಸ್. ದೆಹಲಿಯಲ್ಲಿ ಪತ್ರ ವಾಪಸಾದರೂ ನಮ್ಮ ಗುಂಪಿನಲ್ಲಿ ವಾದ ವಾಪಸಾಗಿಲ್ಲ. ‘ಮಸಾಜ್ ಮಾಡುವವರೆಲ್ಲ ಡಾಕ್ಟರಾದರೆ ನಾವೆಲ್ಲಿಗೆ ಹೋಗೋಣ’ ಎಂದು ನಿವೃತ್ತ ಇಂಜಿನಿಯರ್ ಒಬ್ಬರು ಬರೆದರು. ಅದರ ಕೆಳಗೆ ಸಾಲುಸಾಲು ಹೆಬ್ಬೆರಳು.

ಬಿರುದು ಯಾರಿಗೆ ಸೇರಬೇಕೋ ಸೇರಲಿ, ನನಗದು ಬೇಕಿಲ್ಲ. ನನ್ನ ಸಿಟ್ಟು ಆ ಹೆಬ್ಬೆರಳುಗಳ ಮೇಲೆ. ಏಕೆಂದರೆ ಕಳೆದ ತಿಂಗಳು ನಾನು ಆಸ್ಪತ್ರೆಯಲ್ಲಿ ಭಾವನ ಮಂಚದ ಪಕ್ಕ ಕೂತಿದ್ದೆ. ದೊಡ್ಡ ಕರುಳಿನಲ್ಲಿ ಗಡ್ಡೆ. ಅಷ್ಟು ಭಾಗ ತೆಗೆದು ಎರಡು ತುದಿ ಸೇರಿಸಿ ಹೊಲಿದಿದ್ದರು. ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗಿ ಬಂದಳು. ‘ಅಂಕಲ್, ಏಳೋಣ್ವಾ?’ ಎಂದಳು. ಅಷ್ಟೇ ಸಾಕಾಯಿತು. ನಮ್ಮಕ್ಕ ಮಂಚಕ್ಕೆ ಅಡ್ಡ ನಿಂತುಬಿಟ್ಟಳು. ‘ಹೊಟ್ಟೆ ಕೊಯ್ದಿದ್ದಾರಮ್ಮ, ಹೊಲಿಗೆ ಬಿಚ್ಚಿಕೊಂಡ್ರೆ ಯಾರು ಜವಾಬ್ದಾರಿ? ಪಾಪ, ಮಲಗ್ಲಿ ಬಿಡು, ನಾಳೆ ಬಾ.’ ನೋಡಲು ಬಂದಿದ್ದ ನೆಂಟರು ಸೇಬಿನ ಚೀಲ ಹಿಡಿದುಕೊಂಡೇ ತಲೆಯಾಡಿಸಿದರು. ಹುಡುಗಿ ಫೈಲಿನಲ್ಲಿ ಏನೋ ಬರೆದುಕೊಂಡು ಹೊರಟುಹೋದಳು.

ನಮ್ಮಲ್ಲಿ ಪ್ರೀತಿ ಎಂದರೆ ಮಲಗಿಸುವುದು. ಜ್ವರ ಬಂದವರನ್ನು ಮಲಗಿಸುತ್ತೇವೆ, ಬಾಣಂತಿಯನ್ನು ಮಲಗಿಸುತ್ತೇವೆ, ಕರುಳು ಕೊಯ್ಸಿಕೊಂಡವರನ್ನಂತೂ ಅಲ್ಲಾಡಲೂ ಬಿಡುವುದಿಲ್ಲ. ಅಡ್ಡ ಮಲಗಿದ ದೇಹದೊಳಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅರಿವಳಿಕೆಯ ನಂತರ ಶ್ವಾಸಕೋಶದ ತಳಭಾಗ ಮುದುಡಿರುತ್ತದೆ. ಹೊಟ್ಟೆಯ ಗಾಯ ನೋಯುವುದರಿಂದ ರೋಗಿ ಮೇಲುಮೇಲಿನ ಉಸಿರಾಡುತ್ತಾನೆ, ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಕಫ ಅಲ್ಲೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ತೊಡೆಯ ಸ್ನಾಯು ದಿನದಿನಕ್ಕೂ ಸೊರಗುತ್ತದೆ. ಸರ್ಜನ್ ಚೆನ್ನಾಗಿ ಹೊಲಿದು ಕಳಿಸಿದವರನ್ನು ನಾವು ಅಕ್ಕರೆಯಿಂದ ಅಪಾಯಕ್ಕೆ ದೂಡುತ್ತೇವೆ.

ಇದೇನು ನಿನ್ನೆಯ ಫ್ಯಾಷನ್ ಅಲ್ಲ. ಹೊಟ್ಟೆ ಆಪರೇಷನ್ ಆದವರನ್ನು ಬೇಗ ಎಬ್ಬಿಸಿ ಎಂದು ಶಿಕಾಗೋದ ಎಮಿಲ್ ರೀಸ್ ಎಂಬ ವೈದ್ಯರು 1899ರಲ್ಲೇ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಹಾಸಿಗೆಗಳೇ ಸಾಲದೆ ಬಂದಾಗ ಎಬ್ಬಿಸಲೇಬೇಕಾಯಿತು, ಎದ್ದವರು ಚೇತರಿಸಿಕೊಂಡರು. ಆಮೇಲೆ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಅದನ್ನೊಂದು ಶಿಸ್ತಾಗಿಯೇ ಕಟ್ಟಿದರು: ನೋವು ಹಿಡಿತದಲ್ಲಿಡಿ, ಬೇಗ ಉಣಿಸಿ, ಬೇಗ ನಡೆಸಿ. ದೊಡ್ಡ ಕರುಳಿನ ಆಪರೇಷನ್ ಆದ 60 ರೋಗಿಗಳ ಬಗ್ಗೆ ಅವರ ತಂಡ 2000ದಲ್ಲಿ ಬರೆದ ವರದಿಯಲ್ಲಿ ಅರ್ಧಕ್ಕರ್ಧ ಜನ ಎರಡೇ ದಿನಕ್ಕೆ ಮನೆಗೆ ಹೋಗಿದ್ದರು. ಕೆಲವರು ಮತ್ತೆ ದಾಖಲಾದರು ಎಂಬುದೂ ನಿಜವೇ. ಆದರೂ ಆ ದಾರಿ ಇಂದು ಜಗತ್ತಿನ ದೊಡ್ಡ ಆಸ್ಪತ್ರೆಗಳ ದಾರಿ: ಆಪರೇಷನ್ ದಿನವೇ ಎರಡು ಗಂಟೆ ಹಾಸಿಗೆಯಿಂದಾಚೆ, ಮರುದಿನದಿಂದ ಆರು ಗಂಟೆ. 2021ರ ಜುಲೈ 4ರಂದು ಪೋಪ್ ಫ್ರಾನ್ಸಿಸ್ ಅವರಿಗೂ ಇದೇ ಆಪರೇಷನ್ ಆಯಿತು. ವಯಸ್ಸು 84. ಮೂರನೇ ದಿನ ಬೆಳಿಗ್ಗೆ ತಿಂಡಿ ತಿಂದು, ಪೇಪರ್ ಓದಿ, ಎದ್ದು ನಡೆದರು ಎಂದು ವ್ಯಾಟಿಕನ್ ಹೇಳಿತು. ಅವರಿಗೆ ನಮ್ಮಕ್ಕನಂಥ ಅಕ್ಕ ಇರಲಿಲ್ಲ.

ವಾರ್ಡಿನಲ್ಲಿ ನಮ್ಮವರಿಗಿದ್ದ ಚಿಂತೆ ಒಂದೇ: ಗ್ಯಾಸ್ ಹೋಯ್ತಾ? ಬಂದವರೆಲ್ಲ ಅದನ್ನೇ ಕೇಳಿದರು, ಭಾವನ ಹಳೆಯ ಆಫೀಸಿನ ಮ್ಯಾನೇಜರ್ ಕೂಡ. ಜಠರ, ಸಣ್ಣ ಕರುಳು ಒಂದೆರಡು ದಿನದಲ್ಲಿ ಎಚ್ಚರಾಗುತ್ತವೆ. ದೊಡ್ಡ ಕರುಳು ಸೋಮಾರಿ, ಅದಕ್ಕೆ ಎರಡು ಮೂರು ದಿನ ಬೇಕು. ನಡೆದರೆ ಗ್ಯಾಸ್ ಬೇಗ ಹೋಗುತ್ತದೆ ಎಂದು ಸಿಸ್ಟರ್‌ಗಳು ಹೇಳುವುದುಂಟು. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ನಡೆಸುವುದು ಶ್ವಾಸಕೋಶಕ್ಕಾಗಿ, ಕಾಲಿಗಾಗಿ, ಮತ್ತೆ ತಾನಾಗಿ ಟಾಯ್ಲೆಟ್ಟಿಗೆ ಹೋಗಿಬರುವ ಮನುಷ್ಯನಾಗುವುದಕ್ಕಾಗಿ.

ಇನ್ನು ಉಸಿರಾಟದ ಅಭ್ಯಾಸಕ್ಕೆ ಕೊಡುವ ಆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ. ಕೋವಿಡ್ ಕಾಲದಿಂದ ಮನೆಮನೆಗೂ ಪರಿಚಿತ. ಭಾವನ ತಲೆದೆಸೆಯಲ್ಲೂ ಒಂದಿತ್ತು; ಅವರು ಅದಕ್ಕೆ ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಅದು ಊದುವುದಲ್ಲ, ಉಸಿರೆಳೆಯುವುದು ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದವಳನ್ನು ನಾವು ಸಾಗಹಾಕಿದ್ದೆವಲ್ಲ! ಡಬ್ಬಿ ಒಂದರಿಂದಲೇ ಲಾಭವಾಗುತ್ತದೆ ಎಂಬುದಕ್ಕೆ ಸಾಕ್ಷಿ ತೀರಾ ತೆಳು. ಲಾಭ ಇರುವುದು ಕಲಿಸುವವರಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಮೇಲ್ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಬಂದ 441 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಒಂದು ಕಿರುಹೊತ್ತಗೆ. ಇನ್ನೊಂದಕ್ಕೆ ಹೊತ್ತಗೆಯ ಜೊತೆ, ಆಪರೇಷನ್‌ಗೆ ಮುಂಚೆಯೇ, ಫಿಸಿಯೋಥೆರಪಿಸ್ಟ್ ಜೊತೆ ಒಂದೇ ಒಂದು ಸಲ ಅರ್ಧ ಗಂಟೆ: ಎಚ್ಚರಾದ ಕೂಡಲೇ ಹೇಗೆ ಉಸಿರಾಡಬೇಕು, ಯಾಕೆ ಆಡಬೇಕು ಎಂಬ ಪಾಠ. ಶ್ವಾಸಕೋಶದ ತೊಂದರೆ ಮೊದಲ ಗುಂಪಿನಲ್ಲಿ ಶೇ 27, ಎರಡನೆಯದರಲ್ಲಿ ಶೇ 12. ವರದಿ ಬಂದದ್ದು 2018ರಲ್ಲಿ. ಔಷಧಿ ಇಲ್ಲ, ಮಷೀನ್ ಇಲ್ಲ, ಅರ್ಧ ಗಂಟೆಯ ಮಾತು. ‘ಮಸಾಜ್’ ಅಂತೆ!

ಮೂರನೇ ದಿನ ಅಕ್ಕ ಕಾಫಿಗೆ ಇಳಿದ ಹೊತ್ತಿಗೆ ಹುಡುಗಿ ಮತ್ತೆ ಬಂದಳು. ಬಾಗಿಲು ಕಾಯುವ ಕೆಲಸ ನನ್ನದು. ಮಗ್ಗುಲಿಗೆ ತಿರುಗಿಸಿ, ಮೊಣಕೈ ಊರಿಸಿ, ಕಾಲು ಇಳಿಬಿಡಿಸಿ ಕೂರಿಸಿದಳು. ಹೊಟ್ಟೆಗೆ ದಿಂಬು ಅಮುಕಿ ಹಿಡಿಸಿ ‘ಈಗ ಕೆಮ್ಮಿ’ ಎಂದಳು. ಭಾವ ಕೆಮ್ಮಿದರು, ಹೊಲಿಗೆ ಎಲ್ಲಿಯೂ ಬಿಚ್ಚಿಕೊಳ್ಳಲಿಲ್ಲ. ಯೂರಿನ್ ಬ್ಯಾಗ್ ನನ್ನ ಕೈಗೆ ಕೊಟ್ಟು ಕಾರಿಡಾರಿನ ಕೊನೆಯವರೆಗೆ ನಡೆಸಿದಳು. ವಾಪಸ್ ಬಂದಾಗ ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಎರಡು ಸಾಲು: ಆರು ವಾರ ಭಾರ ಎತ್ತಬಾರದು, ದಿನವೂ ವಾಕಿಂಗ್ ಮಾಡಬೇಕು. ಹೇಗೆ, ಎಷ್ಟು, ನೆಲದ ಮೇಲೆ ಕೂರಬಹುದೇ, ಒಂದೂ ಇಲ್ಲ. ವಾಕಿಂಗ್ ಎಲ್ಲಿ? ಬೆಂಗಳೂರಿನಲ್ಲಿ ಭಾವನ ಮನೆಯ ಮುಂದಿನ ಫುಟ್‌ಪಾತಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕಾರು ಬೈಕು, ಎದ್ದುನಿಂತ ಚಪ್ಪಡಿಗಳು. ಗಟ್ಟಿಮುಟ್ಟಾದವರೇ ಅಲ್ಲಿ ಬೀದಿಗಿಳಿದು ನಡೆಯುತ್ತಾರೆ. ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡವರು ಒಂದೂವರೆ ಅಡಿ ಎತ್ತರದ ಆ ಕಟ್ಟೆ ಹತ್ತಿ ಇಳಿಯಬೇಕೆ? ಕೊನೆಗೆ ಭಾವ ಹಾಲಿನಲ್ಲೇ ಸೋಫಾ ಸುತ್ತಿದರು. ಒಂದು ಸಂಜೆ ನಾನು ಹೋದಾಗ, ‘ಜಾಸ್ತಿ ನಡೀಬೇಡಿ’ ಎಂದು ದಿನವಿಡೀ ಗದರುತ್ತಿದ್ದ ಮನೆಯವರ ಕಣ್ಣೆದುರೇ 20 ಲೀಟರಿನ ನೀರಿನ ಕ್ಯಾನ್ ಎತ್ತಲು ಬಗ್ಗಿದ್ದರು. ‘ಎರಡು ನಿಮಿಷದ ಕೆಲಸ’ವಂತೆ.

ಈ ವಾರ ಅವರ ಇನ್ಶೂರೆನ್ಸ್ ಕ್ಲೇಮಿಗೆ ಕಾಗದ ಜೋಡಿಸಿಕೊಟ್ಟೆ. ಬಿಲ್ಲು ಹತ್ತಾರು ಪುಟ. ನಾವು ವಾಪಸ್ ಕಳಿಸಿದ ದಿನವೂ ಸೇರಿ, ಭಾವ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅದರಲ್ಲಿ ‘ಫಿಸಿಯೋಥೆರಪಿ’ ಎಂಬ ಸಾಲಿದೆ. ಇಡೀ ಆಸ್ಪತ್ರೆಯಲ್ಲಿ ಒಂದು ದಿನವೂ ಮಲಗದೆ ಓಡಾಡಿದ್ದು ಅದೊಂದೇ.