ಸಾವಿನ ಮನೇಲಿ ನಕ್ಕರೆ ತಪ್ಪಾ?

ನನ್ನ ನಾದಿನಿ ಮೂರು ವಾರದಿಂದ ನನ್ನ ಫೋನ್ ಎತ್ತುತ್ತಿಲ್ಲ. ಯಾಕೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಉಳಿದ ಅರ್ಧ ಜನ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನನ್ನನ್ನೇ ಕೇಳ್ತೀರ. ಅದಕ್ಕೆ ಎಲ್ಲರಿಗೂ ಒಂದೇ ಸಲ ಹೇಳಿಬಿಡ್ತೀನಿ.

ಮೈಸೂರಲ್ಲಿ ಒಂದು ಹವ್ಯಾಸಿ ತಂಡದವರು ಮೂರು ಸಣ್ಣ ನಾಟಕ ಆಡಿಸ್ತಾರೆ, ಪಾತ್ರಕ್ಕೆ ಜನ ಆರಿಸ್ತಾರೆ, ವಯಸ್ಸಿನ ಲೆಕ್ಕ ಇಲ್ಲ ಅಂತ ಮಗಳು ಮೊಬೈಲಲ್ಲಿ ತೋರಿಸಿದಳು. ಡಾರ್ಕ್ ಕಾಮಿಡಿ ಅಂತ ಬರೆದಿತ್ತು. ಹಂಗಂದ್ರೇನೇ ಅಂದೆ. "ಅಳೋ ವಿಷಯಕ್ಕೆ ನಗೋದು ಕಣಮ್ಮ" ಅಂದಳು. ಅಷ್ಟೇ ತಾನೆ, ಮದುವೆ ಆಗಿ ಬಂದಾಗಿನಿಂದ ಅದನ್ನೇ ಮಾಡ್ತಿದ್ದೀನಿ ಅಂದ್ಕೊಂಡು ಹೆಸರು ಕೊಟ್ಟೆ.

ಭಾನುವಾರ ಬೆಳಗ್ಗೆ ಹುರುಳಿಕಾಳು ಸಾರು ಮಾಡಿಟ್ಟು, ಹಿಟ್ಟು ನೀವೇ ತೊಳಸ್ಕೊಳ್ಳಿ ಅಂತ ಮನೆಯವರಿಗೆ ಹೇಳಿ, ಮಗಳ ಜೊತೆ ರಾವಂದೂರಲ್ಲಿ ಬಸ್ ಹತ್ತಿದೆ. ಅಲ್ಲಿ ಹೋಗಿ ನೋಡಿದರೆ ಎಲ್ಲ ಕಾಲೇಜು ಹುಡುಗ ಹುಡುಗೀರು. ಸೀರೆ ಉಟ್ಟಿದ್ದವಳು ನಾನೊಬ್ಬಳೇ. ಕಾಫಿ ಕೊಡೋಕೆ ಬಂದವಳು ಅಂದ್ಕೊಂಡು ಒಬ್ಬ ಹುಡುಗ "ಅಮ್ಮ, ಇನ್ನೊಂದು ಲೋಟ ಇದ್ಯಾ?" ಅಂತಾನೂ ಕೇಳಿದ.

ಮೊದಲು ಒಂದು ಹಾಳೆ ಓದಿಸಿದರು. ಗಂಡ ಸತ್ತ ಹೆಂಗಸು ಆಡೋ ಮಾತು. ನಾನು ಗಂಟಲು ನಡುಗಿಸಿ ಓದಿದೆ. "ಅಳಬೇಡಿ ಅಮ್ಮ. ರೇಷನ್ ಕಾರ್ಡಿಂದ ಹೆಸರು ತೆಗೆಸೋಕೆ ಹೋದೋರು ಹೇಳೋ ಹಾಗೆ ನೆಟ್ಟಗೆ ಹೇಳಿ. ನಗೋದು, ಅಳೋದು ನೋಡೋರ ಕೆಲಸ" ಅಂದರು. ಎರಡನೇ ಸಲ ಹಾಗೇ ಓದಿದೆ. ಅಲ್ಲಿದ್ದೋರೆಲ್ಲ ನಕ್ಕರು. ನನಗೇ ಎದೆ ಜುಮ್ ಅಂತು.

ಆಮೇಲೆ ಹೇಳಿದರು: "ನಿಮ್ಮ ಮನೇಲಿ ಅಳೋ ಹೊತ್ತಲ್ಲಿ ನಗು ಬಂದಿದ್ದು ಏನಾದ್ರೂ ಹೇಳಿ."

ನಾನು ನಮ್ಮತ್ತೆ ತೀರಿಕೊಂಡ ದಿನದ್ದು ಹೇಳಿದೆ. ಸಾಮಾನು ಕೋಣೆ ಬೀಗದ ಕೈ ಅವರ ಸೊಂಟ ಬಿಟ್ಟು ಕದಲಿದ್ದಿಲ್ಲ. ಇಪ್ಪತ್ತೆರಡು ವರ್ಷ ಒಂದು ದಿನಾನೂ ನನ್ನ ಕೈಗೆ ಕೊಟ್ಟವರಲ್ಲ. ಅವತ್ತು ಜಗಲಿ ಮೇಲೆ ಮಲಗಿಸಿದ್ವಿ. ಊರೆಲ್ಲ ಬಂದು ಕೂತಿದೆ, ಕಾಫಿಗೆ ಸಕ್ಕರೆ ಇಲ್ಲ, ಸಕ್ಕರೆ ಕೋಣೆ ಒಳಗೆ, ಬೀಗದ ಕೈ ಅತ್ತೆ ಸೊಂಟದಲ್ಲಿ. ಬಿಚ್ಚೋಕೆ ಒಬ್ಬರಿಗೂ ಧೈರ್ಯ ಇಲ್ಲ. ಕೊನೆಗೆ ನಾನೇ ಬಗ್ಗಿ ಕೈ ಹಾಕಿದೆ. ಎಲ್ಲಿ ಕೈ ಮೇಲೆ ಬಾರಿಸ್ತಾರೋ ಅನ್ನಿಸಿ, ನನಗೆ ಗೊತ್ತಿಲ್ಲದ ಹಾಗೆ ಜೋರಾಗಿ ಅಂದುಬಿಟ್ಟೆ: "ಅತ್ತೆ, ಒಸಿ ಸಕ್ಕರೆ ತಗೋತೀನಿ." ಅಳ್ತಾ ಕೂತಿದ್ದೋರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಬೆರಳಿಗೆ ತಾಗಿದ ಅವರ ಸೊಂಟ ತಣ್ಣಗಿತ್ತು. ಕೋಣೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಸಕ್ಕರೆ ಡಬ್ಬದ ಮುಂದೆ ಕೂತು ನಾನು ಅತ್ತಿದ್ದು ಯಾರಿಗೂ ಗೊತ್ತಿಲ್ಲ.

ಇಷ್ಟೇ ಹೇಳಿದ್ದರೆ ಚೆನ್ನಾಗಿತ್ತು. ಎಲ್ಲರೂ ನಗ್ತಿದ್ದಾರಲ್ಲ ಅಂತ ನಾದಿನಿ ಅವತ್ತು ಹೆಂಗೆ ಅತ್ತಳು ಅನ್ನೋದನ್ನೂ ಆಡಿ ತೋರಿಸಿದೆ. ಅದನ್ನ ಮಗಳು ಮೊಬೈಲಲ್ಲಿ ಹಿಡಿದಳು, ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯ್ತು. "ನಮ್ಮವ್ವನ ಹೆಣ ಮುಂದಿಟ್ಕಂಡು ಜನಾನ ನಗ್ಸಕ್ಕೆ ಓಗವ್ಳೆ" ಅಂದಳಂತೆ.

ಈಗ ನನ್ನ ಮಾತು. ಸಾವಿನ ಮನೆ ನಗು ನಾನು ಮೈಸೂರಿಂದ ತಂದಿದ್ದಲ್ಲ. ನಮ್ಮ ಕಡೆ ಹನ್ನೊಂದನೇ ದಿನದ ಊಟಕ್ಕೆ ಕೂತಾಗ ಸತ್ತವರ ಜಿಪುಣತನ, ಸಿಟ್ಟು ಎಲ್ಲ ಹೇಳ್ಕೊಂಡು ನಗದೇ ಎದ್ದವರು ಯಾರು? 'ತಿಥಿ' ಸಿನಿಮಾ ನೋಡಿದ್ದೀರಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ, ಯಾವತ್ತೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿ ಜನಾನೇ ಆರಿಸಿ ಮಾಡಿಸಿದ್ದು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತು, ಹನ್ನೊಂದು ದಿನ ಮನೆಯವರು ಪಡೋ ಪಾಡು. ಅದಕ್ಕೆ 2015ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು. ನಮ್ಮ ಮನೇಲಿ ಎಲ್ಲ ಒಟ್ಟಿಗೆ ಕೂತು ಅದನ್ನ ನೋಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ನಾದಿನೀನೇ.

ಇನ್ನು "ಈ ವಯಸ್ಸಲ್ಲಿ ಇವಳಿಗೆ ನಾಟಕ ಬೇರೆ ಕೇಡು" ಅಂದೋರಿಗೆ ಒಂದು ಮಾತು. ನಮ್ಮೂರ ಕಡೆ ಕುರುಕ್ಷೇತ್ರ ಆಡುವಾಗ ಅರವತ್ತು ದಾಟಿದ ಗಂಡಸರು ದುಡ್ಡು ಕಟ್ಟಿ ಕೃಷ್ಣನ ಪಾತ್ರ ತಗೋತಾರೆ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರ್ತಾರೆ. ಅವರ ವಯಸ್ಸು ಕೇಳಿದೋರುಂಟಾ? ದ್ರೌಪದಿಗೆ ಮಾತ್ರ ಹೊರಗಿಂದ ದುಡ್ಡು ಕೊಟ್ಟು ಹೆಣ್ಣುಮಕ್ಕಳನ್ನ ಕರೆಸ್ತಾರೆ. ಊರ ಹೆಂಗಸರು ಚಾಪೆ ಹಾಸ್ಕೊಂಡು ನೋಡಬೇಕು. ಮೈಸೂರಲ್ಲೇ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ಪಾತ್ರ ತಾವೇ ಮಾಡಿ ಹೆಸರಾದರು. 2012ರಲ್ಲಿ ಪದ್ಮಶ್ರೀ ಬಂತು. ಹೆಂಗಸು ಮೀಸೆ ಕಟ್ಟಿ ಕಂಸ ಆಗಬಹುದಾದರೆ, ನಾನು ಸೀರೆ ಉಟ್ಟು ನಾನೇ ಆಗಿ ನಿಂತಿದ್ದಕ್ಕೆ ಇಷ್ಟು ಮಾತಾ? ಅಲ್ಲಿ ದುಡ್ಡು ಕೇಳಲಿಲ್ಲ, ಯಾರ ಹೆಂಡತಿ ಅಂತ ಕೇಳಲಿಲ್ಲ. "ನಿಮ್ಮದೊಂದು ಹೇಳಿ" ಅಂದರು. ಹಾಗೆ ಕೇಳಿಸಿಕೊಂಡು ನನಗೆ ಎಷ್ಟು ಕಾಲ ಆಗಿತ್ತೋ.

ಆದರೂ ನಾದಿನಿ ಹೇಳೋದ್ರಲ್ಲಿ ಒಂದು ನ್ಯಾಯ ಇದೆ ಕಣ್ರವ್ವ. ರಾತ್ರಿ ಮಲಗಿದಾಗ ಅದು ನನಗೂ ಚುಚ್ಚುತ್ತೆ. 'ತಿಥಿ'ಯಲ್ಲಿ ಸತ್ತಿದ್ದು ಕಥೆಯ ಅಜ್ಜ. ಇವಳದು ಹೆತ್ತವ್ವ. ಸಿನಿಮಾದವರು ತಾವಾಗೇ ಒಪ್ಪಿ ಬಣ್ಣ ಹಚ್ಚಿದ್ದರು. ಇವಳನ್ನ ನಾನು ಕೇಳಲೂ ಇಲ್ಲ. ನನ್ನ ಕೈ ನಡುಗಿದ್ದಕ್ಕೆ ನಾನು ನಗಿಸಬಹುದು. ಇನ್ನೊಬ್ಬಳ ಅಳು ತಗೊಂಡು ಹೋಗಿ ನಗಿಸೋಕೆ ನಾನ್ಯಾರು? ನಗೋದಾದರೆ ಮೊದಲು ನಮ್ಮನ್ನ ನೋಡಿ ನಗಬೇಕು. ಮಿಕ್ಕವರನ್ನ ನೋಡಿ ನಗೋಕೆ ಅವರ ಅಪ್ಪಣೆ ಬೇಕು. ಸತ್ತ ಅತ್ತೇನೇ ಸಕ್ಕರೆಗೆ ಅಪ್ಪಣೆ ಕೇಳಿದವಳು, ಬದುಕಿರೋ ನಾದಿನೀನ ಕೇಳಲಿಲ್ಲ ನೋಡಿ.

ಅದಕ್ಕೆ ಅವಳು ಹೆಂಗೆ ಅತ್ತಳು ಅನ್ನೋದನ್ನ ಇಲ್ಲಿ ಬರೆದಿಲ್ಲ. ಇನ್ನೆಲ್ಲೂ ಹೇಳಲ್ಲ. ಮಗಳ ಮೊಬೈಲಿಂದ ಅಳಿಸಿಯೂ ಆಯ್ತು. ನಿಮ್ಮ ಹತ್ತಿರ ಇದ್ದರೆ ನೀವೂ ಅಳಿಸಿ.

ಪಾತ್ರ ಸಿಕ್ಕಿದೆ. ಪಕ್ಕದ ಮನೆಯವಳದು, ನಾಲ್ಕೇ ಮಾತು. ಭಾನುವಾರ ಭಾನುವಾರ ಅಭ್ಯಾಸಕ್ಕೆ ಹೋಗ್ತಿದ್ದೀನಿ. ಮನೆಯವರು ಹಿಟ್ಟು ತೊಳಸೋದು ಕಲೀತಾ ಇದ್ದಾರೆ, ಗಂಟು ಇನ್ನೂ ಬಿಟ್ಟಿಲ್ಲ.

ಇದನ್ನ ಯಾರಾದ್ರೂ ನಮ್ಮ ನಾದಿನಿಗೆ ಓದಿ ಹೇಳಿ. ಅವಳ ಅಳು ಅವಳದು, ಅದಕ್ಕೆ ತಪ್ಪಾಯ್ತು ಅಂತೀನಿ. ಬೀಗದ ಕೈ ಮಾತು ನನ್ನದು. ಅದಕ್ಕೆ ಮಾತ್ರ ತಪ್ಪಾಯ್ತು ಅನ್ನಲ್ಲ.