ಅಧಿಕಾರಕ್ಕೊಂದು ಎಲ್ಲೆ

ಬಹುವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಸೀಮೆಸುಣ್ಣದ ಪೆಟ್ಟಿಗೆಯೊಂದು ಕಾಣೆಯಾಯಿತು. ಒಬ್ಬ ಹುಡುಗನ ಮೇಲೆ ನಮಗೆ ಸಂಶಯವುಂಟಾಯಿತು. ಶಾಲೆಯ ಸಾಮಾನನ್ನು ಕದ್ದವನು ಮೂರು ದಿನ ಹೊರಗೆ ನಿಲ್ಲತಕ್ಕದ್ದೆಂದು ನಿಯಮ ಮಾಡಿದವರು ನಾವೇ. ಕದ್ದವನು ಇವನೇ ಎಂದು ತೀರ್ಮಾನಿಸಿದವರೂ ನಾವೇ. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದವರೂ ನಾವೇ. ನಾಲ್ಕನೆಯ ದಿನ ಪೆಟ್ಟಿಗೆಯು ಬೀರುವಿನ ಹಿಂದೆ ಸಿಕ್ಕಿತು. ಹುಡುಗನ ತಂದೆಯನ್ನು ಕರೆಯಿಸಿ, ಮೊದಲೇ ಬಂದು ಏಕೆ ವಿಚಾರಿಸಲಿಲ್ಲವೆಂದು ಕೇಳಿದೆವು. "ತಾವೇ ಹೇಳಿದ ಮೇಲೆ ಇನ್ಯಾರನ್ನ ಕೇಳೋಣ ಮೇಷ್ಟ್ರೇ?" ಎಂದನು ಆತನು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ಕುಳಿತಾಗ ನಮಗೆ ಮೊದಲು ನೆನಪಾದುದು ಆ ತಂದೆಯ ಪ್ರಶ್ನೆಯೇ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತ್ಸ್ಯನ್ಯಾಯವನ್ನು ತಡೆಯುವುದಕ್ಕಾಗಿ ರಾಜನು ಬೇಕೆಂದು ನಮ್ಮ ಪ್ರಾಚೀನರು ಹೇಳಿದರು. ರಾಜನ ಮೇಲೆ ಧರ್ಮವನ್ನಿಟ್ಟರು. ಆದರೆ ರಾಜನೇ ದೊಡ್ಡ ಮೀನಾಗಿ ಧರ್ಮವನ್ನು ಮರೆತರೆ ಪ್ರಜೆಯು ಯಾರ ಬಾಗಿಲಿಗೆ ಹೋಗಬೇಕು?

1776ರಲ್ಲಿ ಇಂಗ್ಲೆಂಡಿನ ದೊರೆಯ ಆಳಿಕೆಯನ್ನು ಕಿತ್ತೊಗೆದ ಹದಿಮೂರು ಸಂಸ್ಥಾನಗಳ ಜನರಿಗೆ ಈ ಭಯವು ಚೆನ್ನಾಗಿ ತಿಳಿದಿದ್ದಿತು. ಆ ಭಯದಿಂದಲೇ ಅವರು ಮೊದಲು ಮಾಡಿಕೊಂಡ ಏರ್ಪಾಡು ಎಷ್ಟು ದುರ್ಬಲವಾಗಿದ್ದಿತೆಂದರೆ, ಕೇಂದ್ರ ಸಭೆಗೆ ತೆರಿಗೆಯನ್ನು ವಿಧಿಸುವ ಶಕ್ತಿಯೂ ಇರಲಿಲ್ಲ. ಆದುದರಿಂದ 1787ರಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ 55 ಮಂದಿ ಪ್ರತಿನಿಧಿಗಳು ಸೇರಿ, ಬಾಗಿಲು ಹಾಕಿಕೊಂಡು, ಸುಮಾರು ನಾಲ್ಕು ತಿಂಗಳು ಚರ್ಚಿಸಿ ಹೊಸ ರಾಜ್ಯಾಂಗವನ್ನು ಬರೆದರು. ಸೆಪ್ಟೆಂಬರ್ 17ರಂದು 39 ಮಂದಿ ಅದಕ್ಕೆ ರುಜು ಹಾಕಿದರು.

ಅವರು ಮಾಡಿದ ಕೆಲಸದ ತಿರುಳು ಇಷ್ಟೇ: ನಾವು ಶಾಲೆಯಲ್ಲಿ ಒಂದೇ ಕೈಯಲ್ಲಿ ಹಿಡಿದಿದ್ದ ಮೂರು ಕಾರ್ಯಗಳನ್ನು ಮೂರು ಕೈಗಳಿಗೆ ಹಂಚಿದರು. ಕಾನೂನು ಮಾಡುವುದು ಕಾಂಗ್ರೆಸ್ಸು ಎಂಬ ಶಾಸನಸಭೆಗೆ. ಅದನ್ನು ನಡೆಯಿಸುವುದು ಅಧ್ಯಕ್ಷನಿಗೆ. ತೀರ್ಪು ಹೇಳುವುದು ನ್ಯಾಯಾಲಯಕ್ಕೆ. ಹಂಚಿದರೆ ಸಾಲದೆಂದು ಒಬ್ಬರ ಕೆಲಸದಲ್ಲಿ ಮತ್ತೊಬ್ಬರಿಗೆ ಸ್ವಲ್ಪ ತಡೆಯನ್ನೂ ಕೊಟ್ಟರು. ಸಭೆಯ ಮಸೂದೆಯನ್ನು ಅಧ್ಯಕ್ಷನು ನಿರಾಕರಿಸಬಹುದು. ಎರಡು ಮನೆಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಮತಗಳು ಬಂದರೆ ಅವನ ನಿರಾಕರಣೆಯನ್ನು ಮೀರಿ ಅದು ಕಾನೂನಾಗುವುದು. ನ್ಯಾಯಾಧೀಶರನ್ನು ಅಧ್ಯಕ್ಷನು ಹೆಸರಿಸಿದರೂ ಸೆನೆಟ್ ಸಭೆಯು ಒಪ್ಪಬೇಕು. ಒಮ್ಮೆ ಕುಳಿತವರ ಸಂಬಳವನ್ನು ಯಾರೂ ತಗ್ಗಿಸುವಂತಿಲ್ಲ. ಬೊಕ್ಕಸದ ಬೀಗದ ಕೈ ಶಾಸನಸಭೆಯ ಸೆರಗಿನಲ್ಲಿ. 1791ರಲ್ಲಿ ಇನ್ನೂ ಹತ್ತು ತಿದ್ದುಪಡಿಗಳು ಸೇರಿ, ಪ್ರಜೆಯ ಮತ, ಮಾತು, ಪತ್ರಿಕೆ, ಮನೆ ಇವುಗಳಲ್ಲಿ ಸರಕಾರವು ದಾಟಬಾರದ ಗೆರೆಗಳನ್ನು ಎಳೆದುವು.

ಇಷ್ಟು ವಿವೇಕಿಗಳಾದ ಅವರು ಗುಲಾಮಗಿರಿಯನ್ನು ಮಾತ್ರ ಉಳಿಸಿಕೊಂಡರು. ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲೆಂದು ಎಣಿಸಿದರು. ಅವರಿಗೆ ಮತವಿಲ್ಲ, ಮೊರೆಯಿಡುವ ಸ್ಥಳವೂ ಇಲ್ಲ. ಎಲ್ಲೆಯನ್ನು ಎಳೆದವರೇ ಲಕ್ಷಾಂತರ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಆ ತಪ್ಪನ್ನು 1865ರಲ್ಲಿ ತಿದ್ದುವುದಕ್ಕೆ ಒಂದು ಘೋರ ಅಂತರ್ಯುದ್ಧವೇ ಬೇಕಾಯಿತು.

ಹಾಗಾದರೆ ಈ ಎಲ್ಲೆಗಳು ಬರಿಯ ಕಾಗದದ ಮೇಲಿನವೇ ಎಂದು ವಾಚಕರು ಕೇಳಬಹುದು. ಅದಕ್ಕೆ ಒಂದು ನಿದರ್ಶನ. 1952ರಲ್ಲಿ ಕೊರಿಯದ ಯುದ್ಧವು ನಡೆಯುತ್ತಿದ್ದಾಗ ಉಕ್ಕಿನ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡಲಿದ್ದರು. ಉಕ್ಕಿಲ್ಲದೆ ಸೈನ್ಯಕ್ಕೆ ಆಯುಧವಿಲ್ಲವೆಂದು ಅಧ್ಯಕ್ಷ ಟ್ರೂಮನ್ನರು ಏಪ್ರಿಲ್ 8ರಂದು ತಮ್ಮ ಆಜ್ಞೆಯಿಂದಲೇ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಉದ್ದೇಶವು ಕೆಟ್ಟದ್ದೆಂದು ಹೇಳಲಾಗದು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಜೂನ್ 2ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಆರು ಮಂದಿ, ಇಂತಹ ಅಧಿಕಾರವನ್ನು ಶಾಸನಸಭೆಯು ಕೊಟ್ಟಿಲ್ಲ, ಅಧ್ಯಕ್ಷನು ತಾನೇ ಶಾಸನಕರ್ತನಾಗಲಾರನು ಎಂದು ತೀರ್ಪಿತ್ತರು. ಆ ಒಂಬತ್ತು ಮಂದಿಯಲ್ಲಿ ನಾಲ್ವರನ್ನು ನೇಮಿಸಿದವರು ಸ್ವತಃ ಟ್ರೂಮನ್ನರು. ಆ ನಾಲ್ವರಲ್ಲಿ ಇಬ್ಬರು ಅವರಿಗೆ ವಿರುದ್ಧವಾಗಿ ನಿಂತರು! ತೀರ್ಪು ತಪ್ಪೆಂದೇ ಟ್ರೂಮನ್ನರ ಅಭಿಪ್ರಾಯ. ಆದರೂ ಅದೇ ದಿನ ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಮುಷ್ಕರವು ಏಳು ವಾರಗಳಿಗೂ ಮೇಲೆ ನಡೆಯಿತು. ಎಲ್ಲೆಯನ್ನು ಕಾಯುವುದಕ್ಕೂ ಬೆಲೆಯುಂಟು.

ಆ ಆರು ಮಂದಿಯಲ್ಲಿ ಒಬ್ಬರಾದ ಫ್ರಾಂಕ್‌ಫರ್ಟರ್ ಎಂಬವರನ್ನು, ನಮ್ಮ ರಾಜ್ಯಾಂಗ ರಚನಾಸಭೆಯ ಸಲಹೆಗಾರರೂ ಮಂಗಳೂರಿನಲ್ಲಿ ಜನಿಸಿದವರೂ ಆದ ಬೆನೆಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಕಂಡಿದ್ದರು. ಜನರು ಆರಿಸಿದ ಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತೊಡೆದುಹಾಕುವ ಅಧಿಕಾರವು ಅತಿಯಾಗಬಾರದೆಂದು ಆ ನ್ಯಾಯಾಧೀಶರೇ ರಾಯರಿಗೆ ಎಚ್ಚರಿಕೆ ಹೇಳಿದರು. ತನ್ನ ಕೈಯಲ್ಲಿರುವ ಅಧಿಕಾರವನ್ನೇ ಶಂಕಿಸಬಲ್ಲವನು ಇತರರ ಅಧಿಕಾರಕ್ಕೆ ಎಲ್ಲೆ ತೋರಿಸುವುದು ಶೋಭಿಸುತ್ತದೆ.

ಒಳ್ಳೆಯ ದೊರೆ ಸಿಕ್ಕಿದರೆ ಸಾಕೆಂದು ನಾವು ಬಾಲ್ಯದಿಂದ ಕಥೆಗಳಲ್ಲಿ ಕೇಳಿದ್ದೇವೆ. ನಾವೂ ಆ ಶಾಲೆಯಲ್ಲಿ ಒಳ್ಳೆಯವರೆಂದೇ ಹೆಸರಾಗಿದ್ದೆವು; ಆದರೂ ಒಬ್ಬ ನಿರಪರಾಧಿಯು ಮೂರು ದಿನ ಬಿಸಿಲಿನಲ್ಲಿ ನಿಂತನು. ಅಂದಿನಿಂದ, ದೂರು ಕೊಟ್ಟ ಉಪಾಧ್ಯಾಯರು ದಂಡನೆಯನ್ನು ಹೇಳಕೂಡದು, ಬೇರೊಬ್ಬರು ಹುಡುಗನ ಮಾತನ್ನು ಕೇಳಿ ಹೇಳತಕ್ಕದ್ದೆಂದು ಗೊತ್ತುಮಾಡಿದೆವು. ಆ ನಿಯಮವು ಮೊದಲು ಕಟ್ಟಿದ್ದು ನಮ್ಮ ಕೈಯನ್ನೇ. "ಇನ್ಯಾರನ್ನ ಕೇಳೋಣ?" ಎಂದು ಬಡವನು ಕೇಳಿದಾಗ ತೋರಿಸುವುದಕ್ಕೆ ಇನ್ನೊಂದು ಬಾಗಿಲಿರಬೇಕು. ಅದು ದೇಶದಲ್ಲಿಯೂ ಇರಲಿ, ಶಾಲೆಯಲ್ಲಿಯೂ ಇರಲಿ, ಹಿರಿಯರ ಮಾತೇ ಕಡೆಯ ಮಾತಾಗಿರುವ ನಮ್ಮ ನಿಮ್ಮ ಮನೆಗಳಲ್ಲಿಯೂ ಇರಲಿ.