ಹನ್ನೊಂದು ತಿಂಗಳ ಭಯ

ಮುಂಬಯಿಯಲ್ಲಿ ಒಂದೆರಡು ಖೋಲಿಗಳ ಒಡೆತನವುಳ್ಳ ನಮ್ಮವರ ನಡುವೆ ಒಂದು ಮಾತು ವೇದವಾಕ್ಯದಂತೆ ಚಲಾವಣೆಯಲ್ಲಿದೆ: '11 ತಿಂಗಳಿಗಿಂತ ಹೆಚ್ಚು ಯಾರನ್ನೂ ಇರಿಸಿಕೊಳ್ಳಬೇಡಿ, ಬೇರು ಬಿಟ್ಟರೆ ಕೀಳಲಾಗದು.' ಈ ಮಾತಿಗೆ ಇಂದು ಯಾವ ಆಧಾರವೂ ಇಲ್ಲ. ಅದನ್ನು ನಂಬಿದ ಮಾಲಕನಿಗೂ, ಅವನ ಮನೆಯಲ್ಲಿ ವಾಸಿಸುವವನಿಗೂ ಅದರಿಂದ ಹಾನಿಯೇ ಹೊರತು ಲಾಭವಿಲ್ಲ.

ಭಯ ಹುಟ್ಟಿದ್ದು ನಿಷ್ಕಾರಣವಾಗಿ ಅಲ್ಲವೆಂಬುದನ್ನು ಮೊದಲು ಒಪ್ಪೋಣ. ಅದರ ಮೂಲವನ್ನು ಬೈಕುಲ್ಲಾದ ಹಳೆಯ ಕಟ್ಟಡಗಳಲ್ಲಿ ಕಾಣಬಹುದು. ಅಲ್ಲಿನ ಅನೇಕ ಮನೆಗಳು ಪಗಡಿಯವು. ಬಾಡಿಗೆದಾರ ಒಮ್ಮೆ ದೊಡ್ಡ ಮೊತ್ತ ತೆತ್ತು ಒಳಬಂದ. ಅನಂತರ ತಿಂಗಳ ಬಾಡಿಗೆ ನಾಮಮಾತ್ರಕ್ಕೆ ಉಳಿಯಿತು. ಹಕ್ಕು ಮಕ್ಕಳಿಗೆ ಇಳಿಯಿತು. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಅಭಾವಕ್ಕೆಂದು ಬಂದ ತಾತ್ಕಾಲಿಕ ಮದ್ದು ನಿತ್ಯದ ಅನ್ನವಾಯಿತು. ಬಾಡಿಗೆಯ ಹಣ ಸುಣ್ಣಬಣ್ಣಕ್ಕೂ ಸಾಲದೆ ಹೋದಾಗ ಮಾಲಕ ದುರಸ್ತಿಯನ್ನು ಕೈಬಿಟ್ಟ. ದುರಸ್ತಿಯ ಹೊಣೆಗಾಗಿ ಸರ್ಕಾರ 1969ರಲ್ಲಿ ಸೆಸ್ ಮತ್ತು ಮಂಡಳಿಯನ್ನು ತಂದಿತು. ಆದರೂ ಮರದ ಟೇಕು ಕೊಟ್ಟು ನಿಲ್ಲಿಸಿದ ಗೋಡೆಗಳ ನಡುವೆ ಇಂದಿಗೂ ಸಂಸಾರಗಳು ನಡೆಯುತ್ತಿವೆ.

ಬಾಡಿಗೆದಾರಿಕೆಯಿಂದ ತಪ್ಪಿಸಿಕೊಳ್ಳಲು ಮಾಲಕರು ಕಂಡುಕೊಂಡ ಹಾದಿಯೇ 'ಲೀವ್ ಅಂಡ್ ಲೈಸೆನ್ಸ್'. ವಾಸಿಸಲು ಅನುಮತಿ ಮಾತ್ರ, ಮನೆಯ ಮೇಲೆ ಹಕ್ಕಿಲ್ಲ ಎಂಬುದು ಅದರ ತಿರುಳು. 1973ರಲ್ಲಿ ಕಾಯಿದೆಗೆ ಬಂದ ತಿದ್ದುಪಡಿ ಆ ಹಾದಿಯನ್ನೂ ಮುಚ್ಚಿತು. ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ವಾಸವಿದ್ದವರೆಲ್ಲ ಬಾಡಿಗೆದಾರರೆಂದೇ ಪರಿಗಣಿತರಾದರು. ರಾತ್ರಿ ಮಲಗುವಾಗ ಅತಿಥಿಯಾಗಿದ್ದವನು ಬೆಳಗಾಗುವಷ್ಟರಲ್ಲಿ ಮನೆಯವನೇ ಆಗಿದ್ದ. ನಮ್ಮ ಹಿರಿಯರ ಎದೆಯಲ್ಲಿ ಕುಳಿತ ದಿಗಿಲು ಇದು.

ಈ ಅನ್ಯಾಯವನ್ನು ನ್ಯಾಯಾಲಯವೂ ಗುರುತಿಸಿತು. ಆ ಪ್ರಕರಣಕ್ಕೆ ನಮ್ಮ ಕರಾವಳಿಯ ಊರಿನ ಹೆಸರೊಂದು ಅಂಟಿಕೊಂಡಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಒಂದು ಕಾಲಕ್ಕೆ ಸಮಂಜಸವಾಗಿದ್ದ ಬಾಡಿಗೆ ಸ್ತಂಭನ ಕಾಲ ಸರಿದಂತೆ ಅಸಮಂಜಸವೂ ಮನಸೋಇಚ್ಛೆಯದೂ ಆಗಿದೆಯೆಂದು 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಯಿದೆಯ ಅವಧಿ ಮುಗಿಯಲಿದ್ದುದರಿಂದ ಅದನ್ನು ರದ್ದುಗೊಳಿಸಲಿಲ್ಲ. 2000ದ ಮಾರ್ಚ್ 31ರಿಂದ ಹೊಸ ಕಾಯಿದೆ ಜಾರಿಯಾಯಿತು. ಅದು ಹಳೆಯ ಬಾಡಿಗೆಗೆ ಒಮ್ಮೆಗೆ ಶೇ. 5, ಬಳಿಕ ವರ್ಷಕ್ಕೆ ಶೇ. 4ರ ಏರಿಕೆ ಕೊಟ್ಟಿತು. ಆಗ 100 ರೂಪಾಯಿ ಇದ್ದ ಬಾಡಿಗೆ 25 ವರ್ಷಗಳ ಅನಂತರವೂ 300 ದಾಟದು. ಪಗಡಿಯ ಮಾಲಕನ ದೂರು ನಿಜವಾದದ್ದು. ಬಡವನಿಗೆ ಸೂರು ಕೊಡುವುದು ಸರ್ಕಾರದ ಧರ್ಮ. ಆ ಧರ್ಮವನ್ನು ಒಬ್ಬ ಚಿಕ್ಕ ಮಾಲಕನ ಜೇಬಿನಿಂದ ಆಚರಿಸುವುದು ಧರ್ಮವಲ್ಲ.

ಆದರೆ ಅದೇ ಕಾಯಿದೆ ಹೊಸ ಒಪ್ಪಂದಗಳ ವಿಷಯದಲ್ಲಿ ಮಾಡಿದ ಬದಲಾವಣೆಯನ್ನು ನಮ್ಮವರು ಓದಿಕೊಳ್ಳಲೇ ಇಲ್ಲ. 24ನೆಯ ಕಲಮಿನಂತೆ, ವಾಸಕ್ಕೆಂದು ಲೈಸೆನ್ಸಿನ ಮೇಲೆ ಕೊಟ್ಟ ಮನೆಯನ್ನು ಅವಧಿ ಮುಗಿದೊಡನೆ ಬಿಟ್ಟುಕೊಡಬೇಕು. ಬಿಡದಿದ್ದರೆ ಮಾಲಕ ಸಿವಿಲ್ ಕೋರ್ಟಿನಲ್ಲಿ ಮುದುಕನಾಗಬೇಕಿಲ್ಲ; ಇದಕ್ಕೆಂದೇ ನೇಮಕಗೊಂಡ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಲಿಖಿತ ಒಪ್ಪಂದವೇ ಅಲ್ಲಿ ನಿರ್ಣಾಯಕ ಸಾಕ್ಷ್ಯ. ಅವಧಿ ಮೀರಿ ಕುಳಿತವನು ಲೈಸೆನ್ಸ್ ಶುಲ್ಕದ ಇಮ್ಮಡಿಯನ್ನು ನಷ್ಟಭರ್ತಿಯಾಗಿ ತೆರಬೇಕು. ಈ ರಕ್ಷಣೆ 11 ತಿಂಗಳ ಒಪ್ಪಂದಕ್ಕೆ ಎಷ್ಟೋ, 36 ತಿಂಗಳ ಒಪ್ಪಂದಕ್ಕೂ ಅಷ್ಟೇ.

ಹಾಗಾದರೆ 11ರ ಲೆಕ್ಕ ಎಲ್ಲಿಯದು? 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ದೇಶದುದ್ದಕ್ಕೂ ಜನ ಒಂದು ತಿಂಗಳು ಕಳೆದರು. ಮಹಾರಾಷ್ಟ್ರದಲ್ಲಿ ಆ ಜಾಣತನಕ್ಕೆ ಬೆಲೆಯಿಲ್ಲ. ಹೊಸ ಕಾಯಿದೆಯ 55ನೆಯ ಕಲಮಿನಂತೆ ಅವಧಿ ಎಷ್ಟೇ ಇರಲಿ, ಒಪ್ಪಂದ ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಹೊಣೆ ಮಾಲಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾದುದು: ನೋಂದಾಯಿತ ಪತ್ರವಿಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಷರತ್ತುಗಳ ಬಗ್ಗೆ ವಾಸಿಸುವವನು ಹೇಳಿದ್ದೇ ನಿಲ್ಲುತ್ತದೆ. 'ನಮ್ಮ ಊರಿನವನು, ಕಾಗದವೇಕೆ?' ಎಂದು ಬಾಯಿಮಾತಿನಲ್ಲಿ ಮನೆ ಕೊಡುವ ನಮ್ಮ ಸಜ್ಜನರು ತಮ್ಮ ಬೀಗದ ಕೈಯನ್ನು ತಾವೇ ಬಾವಿಗೆ ಎಸೆಯುತ್ತಿದ್ದಾರೆ.

ಇನ್ನು ಹಾನಿಯ ಲೆಕ್ಕ. ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆದಾರನನ್ನು ಬದಲಿಸುವ ಮಾಲಕ ದಲ್ಲಾಳಿಗೆ ಮತ್ತೆ ಹಣ ಕೊಡುತ್ತಾನೆ, ಬಣ್ಣ ಬಳಿಸುತ್ತಾನೆ, ಒಂದೆರಡು ತಿಂಗಳು ಮನೆ ಖಾಲಿಯಿಡುತ್ತಾನೆ. ಗಂಡನ ನಿವೃತ್ತಿಯ ಹಣದಲ್ಲಿ ಕೊಂಡ ಒಂದೇ ಖೋಲಿಯ ಬಾಡಿಗೆಯಿಂದ ಬದುಕುವ ವಿಧವೆಗೆ ಆ ಖಾಲಿ ತಿಂಗಳೆಂದರೆ ಔಷಧಿಯ ತಿಂಗಳು. ಅತ್ತ ಹೊರಡುವ ಸಂಸಾರಕ್ಕೆ ಮಗುವಿನ ಶಾಲೆ, ಗ್ಯಾಸಿನ ವಿಳಾಸ, ಹೊಸ ಡಿಪಾಸಿಟ್, ಟೆಂಪೋದ ಬಾಡಿಗೆ. ವರ್ಷವೂ ಗಂಟುಮೂಟೆ ಕಟ್ಟುವವನು ಗೋಡೆಗೆ ಒಂದು ಮೊಳೆಯನ್ನಾದರೂ ಪ್ರೀತಿಯಿಂದ ಹೊಡೆದಾನೇ?

ಪಗಡಿಯ ಬಾಡಿಗೆದಾರನ ಮೇಲಿನ ಸಿಟ್ಟನ್ನು ನಿನ್ನೆ ಮೊನ್ನೆ ಊರಿನಿಂದ ಬಂದ ಹುಡುಗನ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಜಾತಿ ಯಾವುದು, ಮೀನು ತಿನ್ನುವಿರಾ, ಮದುವೆಯಾಗಿದೆಯೇ ಎಂಬ ವಿಚಾರಣೆಗಳೂ ಎಚ್ಚರಿಕೆಯ ವೇಷ ತೊಟ್ಟ ಅದೇ ಭಯ. ಮೀನು ತಿನ್ನದವನು ಬಾಡಿಗೆ ಬಾಕಿ ಇಡುವುದಿಲ್ಲವೆಂದು ಯಾವ ಶಾಸ್ತ್ರ ಹೇಳಿದೆ? ಎರಡು ಅಥವಾ ಮೂರು ವರ್ಷಗಳ ನೋಂದಾಯಿತ ಒಪ್ಪಂದ, ಅದರಲ್ಲೇ ಬರೆದ ವಾರ್ಷಿಕ ಏರಿಕೆ, ದುರಸ್ತಿ ಯಾರದೆಂಬ ಸ್ಪಷ್ಟ ಸಾಲು, ಡಿಪಾಸಿಟ್ ಮರಳಿಸುವ ದಿನಾಂಕ, ಇಬ್ಬರಿಗೂ ಸಮನಾದ ನೋಟಿಸಿನ ಅವಧಿ: ಮಾಲಕನಿಗೆ ಬೇಕಾದ ಕಾವಲು ಇಷ್ಟರಲ್ಲಿದೆ.

ಪಗಡಿಯ ಕಟ್ಟಡಗಳ ನ್ಯಾಯಕ್ಕಾಗಿ ಹೋರಾಡಬೇಕಾದುದು ವಿಧಾನಸಭೆಯ ಮುಂದೆ. ಹೊಸ ಮನೆಯ ಹೊಸ್ತಿಲಲ್ಲಿ ಆ ಹೋರಾಟ ನಡೆಸಿದರೆ ಗೆಲ್ಲುವವರು ಯಾರೂ ಇಲ್ಲ. ಎರಡೂ ಕಡೆಯಿಂದ ದಲ್ಲಾಳಿ ಎಣಿಸಿಕೊಳ್ಳುತ್ತಾನೆ, ಅಷ್ಟೇ.